ಹಳೆಯ ಟಾಹೋದ ಬ್ರೇಕು, ಮೂರು ಹಂಡೆ ಬಿಸಿನೀರು

ಕಳೆದ ವರ್ಷ ಅಕ್ಟೋಬರ್ ತಿಂಗಳಲ್ಲಿ ಗ್ರೇಟ್ ಸ್ಮೋಕಿ ಪರ್ವತಗಳ ಸ್ಮೋಕ್‌ಮಾಂಟ್ ಶಿಬಿರತಾಣದಲ್ಲಿ ಮೂರು ರಾತ್ರಿ ಕಳೆದು, ಕ್ಯಾಂಪರ್ ಟ್ರೇಲರನ್ನು ಹಿಂದೆ ಕಟ್ಟಿಕೊಂಡು ಮಿಷಿಗನ್‌ನ ಮನೆಗೆ ಹಿಂತಿರುಗುತ್ತಿದ್ದೆವು. ನ್ಯೂಫೌಂಡ್ ಗ್ಯಾಪ್ ಎಂಬ ಘಟ್ಟದ ದಾರಿಯ ನೆತ್ತಿಯನ್ನು ದಾಟಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್ ಕಡೆಗೆ ಇಳಿಯುವ ತಿರುವುಗಳಲ್ಲಿ ನಮ್ಮ 2003ರ ಷೆವರ್ಲೆ ಟಾಹೋ ಎಸ್‌ಯುವಿಯ ಬ್ರೇಕ್ ಪೆಡಲ್ ಕಾಲಿನಡಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮೆತ್ತಗಾಗತೊಡಗಿತು. ಮೊದಲು ಅದು ನನ್ನ ಭ್ರಮೆ ಎಂದುಕೊಂಡೆ. "ರೀ, ಏನೋ ಸುಟ್ಟ ವಾಸನೆ ಬರ್ತಿದೆ" ಎಂದು ಹೆಂಡತಿ ಹೇಳುವ ಹೊತ್ತಿಗೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗಿತ್ತು. ಗೇರನ್ನು ಎರಡಕ್ಕೆ ಎಳೆದು, ಪೆಡಲನ್ನು ಪಂಪು ಹೊಡೆಯುತ್ತ, ಎದುರಿಗೆ ಸಿಕ್ಕಿದ ಮೊದಲ ತಂಗುಜಾಗದಲ್ಲಿ ಗಾಡಿಯನ್ನು ಹೇಗೋ ನಿಲ್ಲಿಸಿದೆ. ಮುಂದಿನ ಎರಡೂ ಚಕ್ರಗಳಿಂದ ತೆಳುವಾದ ಹೊಗೆ ಏಳುತ್ತಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಏನೂ ಆಗಿಲ್ಲವೆಂಬಂತೆ ಮತ್ತೆ ಗಟ್ಟಿಯಾಯಿತು.

ತಪ್ಪು ವಾಹನದ್ದಲ್ಲ, ನನ್ನದು. ಅದನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಸಣ್ಣ ಲೆಕ್ಕ ಬೇಕಾಯಿತು. ನ್ಯೂಫೌಂಡ್ ಗ್ಯಾಪ್ ಸಮುದ್ರಮಟ್ಟದಿಂದ 5,046 ಅಡಿ ಎತ್ತರದಲ್ಲಿದೆ, ಗ್ಯಾಟ್ಲಿನ್‌ಬರ್ಗ್ ಸುಮಾರು 1,290 ಅಡಿಯಲ್ಲಿದೆ. ಅಂದರೆ ಇಳಿತ ಸುಮಾರು 1,145 ಮೀಟರ್. ಗಾಡಿ, ಟ್ರೇಲರ್, ಸಾಮಾನು, ನಾವು ಮೂವರು ಎಲ್ಲ ಸೇರಿ 4,000 ಕಿಲೋ ಎಂದಿಟ್ಟುಕೊಂಡರೆ, ಆ ಇಳಿತದಲ್ಲಿ ಕಳೆಯಬೇಕಾದ ಶಕ್ತಿ ಹತ್ತಿರ ಹತ್ತಿರ 4.5 ಕೋಟಿ ಜೂಲ್. ಇದೇ ತೂಕವನ್ನು ಗಂಟೆಗೆ 60 ಮೈಲಿ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಕಳೆಯುವ ಶಕ್ತಿ ಸುಮಾರು 14 ಲಕ್ಷ ಜೂಲ್ ಮಾತ್ರ. ಹೆದ್ದಾರಿಯ ವೇಗದಿಂದ ಮೂವತ್ತೊಂದು ಸಲ ನಿಲ್ಲಿಸಿದಷ್ಟು ಶಾಖವನ್ನು ಆ ಒಂದು ಇಳಿಜಾರು ಹುಟ್ಟಿಸುತ್ತದೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ, ನಮ್ಮೂರಿನ ಬಚ್ಚಲಿನ ಹಂಡೆಯಲ್ಲಿ ನಲವತ್ತೈದು ಲೀಟರ್ ತಣ್ಣೀರು ಹಿಡಿಯುತ್ತದೆಂದರೆ, ಅಂಥ ಮೂರು ಹಂಡೆಗಳನ್ನು ಕುದಿಯುವವರೆಗೆ ಕಾಯಿಸುವಷ್ಟು ಶಾಖ ಅದು. ಗಾಳಿಯ ತಡೆ ಮತ್ತು ಟೈರುಗಳ ಉರುಳಾಟ ಅದರಲ್ಲಿ ಒಂದು ಪಾಲನ್ನು ತಿನ್ನುತ್ತವೆ, ನಿಜ. ಆದರೆ ಕೆಳಗಿನ ಗೇರಿನಲ್ಲಿ ಎಂಜಿನ್ ಕೊಡುವ ತಡೆಯನ್ನು ಬಳಸದೆ, ಗೇರನ್ನು ಡ್ರೈವ್‌ನಲ್ಲೇ ಬಿಟ್ಟುಕೊಂಡು ಇಳಿಯುವವನು ಉಳಿದದ್ದೆಲ್ಲವನ್ನೂ ಚಕ್ರಗಳ ನಾಲ್ಕು ಬ್ರೇಕ್ ಡಿಸ್ಕುಗಳ ತಲೆಗೆ ಕಟ್ಟುತ್ತಾನೆ.

ನಾನು ಮಾಡಿದ್ದು ಅದನ್ನೇ. ಶಿರಾಡಿ ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಇಳಿಸಿದ ತಂದೆಯವರು "ಹತ್ತೋ ಗೇರಲ್ಲೇ ಇಳೀಬೇಕು ಕಣೋ" ಎಂದು ನನಗೆ ಹದಿನೆಂಟು ತುಂಬುವ ಮೊದಲೇ ಹೇಳಿಕೊಟ್ಟಿದ್ದರು. ಆಟೋಮ್ಯಾಟಿಕ್ ಗೇರಿನ ಸುಖ ಆ ಪಾಠವನ್ನು ಮರೆಸಿಬಿಟ್ಟಿತ್ತು. ಸಾಲದೆಂಬಂತೆ ಟ್ರೇಲರಿನ ವಿದ್ಯುತ್ ಬ್ರೇಕುಗಳ ನಿಯಂತ್ರಕವನ್ನು ಖಾಲಿ ಟ್ರೇಲರಿಗೆ ಹೊಂದಿಸಿದ ಕಡಿಮೆ ಮಟ್ಟದಲ್ಲೇ ಬಿಟ್ಟಿದ್ದೆ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಗಿತ್ತೆಂಬುದು ನೆನಪಿನಲ್ಲೂ ಇರಲಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ, ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಕಾಲು ಒತ್ತಿದ ಬಲ ಡಿಸ್ಕನ್ನು ಕಚ್ಚಿ ಹಿಡಿಯುವ ಪ್ಯಾಡುಗಳನ್ನು ತಲುಪದೆ ಗುಳ್ಳೆಗಳನ್ನು ಹಿಸುಕುವುದರಲ್ಲೇ ವ್ಯಯವಾಗುತ್ತದೆ. ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುವುದು ಬೇರೆಯೇ ರೋಗ: ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ನನ್ನದು ಮೊದಲನೆಯ ರೋಗ. ಈ ವ್ಯತ್ಯಾಸ ತಿಳಿಯದೆ ದುಬಾರಿ ಡಿಸ್ಕುಗಳನ್ನು ತರಿಸಿಕೊಳ್ಳುವವರು ಬಹಳ ಜನ, ಮತ್ತು ಅಂದು ರಾತ್ರಿ ಹೋಟೆಲಿನ ಕೋಣೆಯಲ್ಲಿ ಫೋನು ಹಿಡಿದು ಕುಳಿತ ನಾನೂ ಅವರಲ್ಲೊಬ್ಬನಾಗಿದ್ದೆ.

ಮನೆಗೆ ಬಂದು ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಕೆಳಗೆ ಮಲಗಿದಾಗ ದೊಡ್ಡ ಡಿಸ್ಕಿನ ಕನಸು ಸ್ವಲ್ಪ ಹಿಂದೆ ಸರಿಯಿತು. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎನ್ನುತ್ತಾರಲ್ಲ, ಅದು ಈ ಗಾಡಿಗೆಂದೇ ಹೇಳಿದಂತಿತ್ತು. ಈ ವಾಹನದಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ) ಘಟಕವು ಚಾಲಕನ ಆಸನದ ಕೆಳಗೆ ಚಾಸಿಯ ಎಡಪಟ್ಟಿಗೆ ಕೂತಿದೆ. ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ಉಕ್ಕಿನ ಪೈಪುಗಳನ್ನು ಪ್ಲಾಸ್ಟಿಕ್ ಹಿಡಿಕೆಗಳು ಚಾಸಿಗೆ ಒತ್ತಿ ಹಿಡಿದಿರುತ್ತವೆ. ಒಂದು ಹಿಡಿಕೆಯನ್ನು ಬಿಡಿಸಿದಾಗ ಒಳಗೆ ಕೂತಿದ್ದ ಉಪ್ಪುಮಣ್ಣು ಪುಡಿಪುಡಿಯಾಗಿ ಕಣ್ಣಿಗೆ ಉದುರಿತು. ಅದರಡಿಯ ಪೈಪು ಹಪ್ಪಳದಂತೆ ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಕೆರೆದರೆ ಕಂದು ಚಕ್ಕೆಗಳು ಬಿಡುತ್ತಿದ್ದವು, ಮತ್ತು ಒಂದು ಕಡೆ ಆಯಿಲಿನ ತೇವ ಸಣ್ಣಗೆ ಹೊಳೆಯುತ್ತಿತ್ತು.

ಇದು ನಮ್ಮ ಸೀಮೆಯ ಎಲ್ಲ ಹಳೆಯ ಗಾಡಿಗಳ ಪಾಡು. ಚಳಿಗಾಲವಿಡೀ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ, ಮೇಲೆ ಗಾಡಿಗಳನ್ನು ಕಟ್ಟಿದ ಊರು, ಕೆಳಗೆ ಅವನ್ನು ತಿನ್ನುವ ಉಪ್ಪು. ಷೆವರ್ಲೆಯನ್ನು ಕಟ್ಟುವ ಜನರಲ್ ಮೋಟಾರ್ಸ್ ಕಂಪನಿಯ 1999ರಿಂದ 2003ರವರೆಗಿನ ಸುಮಾರು 50 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳ ಬ್ರೇಕ್ ಪೈಪುಗಳ ತುಕ್ಕನ್ನು ಕುರಿತು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು ಹಲವು ವರ್ಷ ತನಿಖೆ ನಡೆಸಿ, ಇದು ನಿರ್ದಿಷ್ಟ ದೋಷವಲ್ಲ, ವಯಸ್ಸಿನ ಸವೆತ ಎಂದು ಹೇಳಿ 2015ರಲ್ಲಿ ಮುಗಿಸಿತು; ಹಿಂದಕ್ಕೆ ಕರೆಸಿಕೊಳ್ಳುವ ಆದೇಶ ಬರಲಿಲ್ಲ, ತಳಭಾಗವನ್ನು ತೊಳೆಯಿರಿ, ಪೈಪುಗಳನ್ನು ಪರೀಕ್ಷಿಸಿಕೊಳ್ಳಿ ಎಂಬ ಸಲಹೆ ಮಾತ್ರ ಬಂತು. ಮಿಷಿಗನ್ ರಾಜ್ಯದಲ್ಲಿ ಕಾರುಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯೂ ಇಲ್ಲ. ಯಾರೂ ಕೇಳುವವರಿಲ್ಲದ ಕಾರಣ ಇಪ್ಪತ್ತು ವರ್ಷ ನಾನೂ ಕೇಳಿರಲಿಲ್ಲ.

ಹಾಗಾಗಿ ಮೊದಲು ಪೈಪುಗಳು. ಉಕ್ಕಿನ ಬದಲು ತಾಮ್ರ ಮತ್ತು ನಿಕ್ಕಲ್ ಬೆರೆತ ಪೈಪನ್ನು ಸುರುಳಿಯಲ್ಲಿ ತಂದೆ. ಅದು ತುಕ್ಕು ಹಿಡಿಯುವುದಿಲ್ಲ, ಕೈಯಿಂದಲೇ ಬಗ್ಗುತ್ತದೆ. ಕಷ್ಟವಿರುವುದು ಅದರ ತುದಿಯನ್ನು ಅರಳಿಸುವುದರಲ್ಲಿ. ನಟ್ಟನ್ನು ಮೊದಲೇ ತೂರಿಸಿಕೊಳ್ಳಲು ಮರೆತು ಎರಡು ತುದಿಗಳನ್ನು ಕತ್ತರಿಸಿ ಎಸೆದೆ. ಅರಳಿಸುವ ರೀತಿಯಲ್ಲೂ ಎರಡು ಬಗೆಗಳಿವೆ, ಅಂಚನ್ನು ಒಳಮಡಿಸಿ ಎರಡು ಪದರ ಮಾಡುವುದು ಒಂದು, ಗುಳ್ಳೆಯಂತೆ ಉಬ್ಬಿಸುವುದು ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಸೋರುತ್ತದೆ, ಆದ್ದರಿಂದ ಬಿಚ್ಚಿದ ಹಳೆಯ ತುದಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದನ್ನು ಮಾಡಬೇಕು. ಅವಸರದಲ್ಲಿ ನಡುವೆ ಕತ್ತರಿಸಿ ನೀರಿನ ನಲ್ಲಿಗೆ ಹಾಕುವಂಥ ಒತ್ತುಜೋಡಣೆಯನ್ನು ಹಾಕುವವರನ್ನು ಕಂಡಿದ್ದೇನೆ. ಬ್ರೇಕಿನ ಒತ್ತಡಕ್ಕೆ ಅದು ತಾಳುವ ವಸ್ತುವಲ್ಲ. ಅಂಥ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಮೂರು ವಾರಾಂತ್ಯ ಪೈಪುಗಳಿಗೇ ಹೋಯಿತು. ಅದಾದ ಮೇಲೆ ದೊಡ್ಡ ಡಿಸ್ಕಿನ ವಿಷಯ. ನನ್ನ ಗಾಡಿಯ ಮುಂದಿನ ಡಿಸ್ಕು 305 ಮಿಲಿಮೀಟರ್ ವ್ಯಾಸದ್ದು. 2007ರ ಮಾದರಿಯಾಗಿ ಬಂದ ಮುಂದಿನ ಪೀಳಿಗೆಯ ಟಾಹೋಗೆ ಅದೇ ತಯಾರಕರು 330 ಮಿಲಿಮೀಟರಿನ ಡಿಸ್ಕು ಕೊಟ್ಟರು, ಮತ್ತು ಆ ಪೀಳಿಗೆಯ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮತ್ತು ಅದನ್ನು ಹಿಡಿದಿಡುವ ಬ್ರಾಕೆಟ್ಟುಗಳು ಹಳೆಯ ಗಾಡಿಗೂ ನೇರವಾಗಿ ಕೂರುತ್ತವೆ ಎಂಬುದು ಈ ಗಾಡಿಗಳನ್ನು ರಿಪೇರಿ ಮಾಡಿಕೊಳ್ಳುವವರಿಗೆಲ್ಲ ಗೊತ್ತಿರುವ ಸಂಗತಿ. ಬ್ರಾಕೆಟ್ಟುಗಳನ್ನು ಗುಜರಿಯಿಂದ ತಂದೆ, ಕ್ಯಾಲಿಪರ್ ಪುನರ್ನವೀಕರಿಸಿದ್ದು, ಡಿಸ್ಕು ಮತ್ತು ಪ್ಯಾಡು ಹೊಸತು. ಹಳೆಯ ಬ್ರಾಕೆಟ್ಟಿನ ಬೋಲ್ಟುಗಳು ರಾತ್ರಿಯಿಡೀ ತುಕ್ಕುಬಿಡಿಸುವ ಎಣ್ಣೆ ಕುಡಿದ ಮೇಲೂ ಅಲ್ಲಾಡದೆ, ಸ್ಪ್ಯಾನರಿಗೆ ನಾಲ್ಕಡಿ ಉದ್ದದ ಪೈಪು ತೊಡಿಸಿ ಮೈಭಾರವನ್ನೆಲ್ಲ ಬಿಟ್ಟಾಗ ಗುಂಡು ಹೊಡೆದಂಥ ಸದ್ದು ಮಾಡಿ ಸಡಿಲಗೊಂಡವು. ಡಿಸ್ಕಿನ ಹಿಂದಿರುವ ಧೂಳುತಟ್ಟೆಯ ಅಂಚು ಹೊಸ ಡಿಸ್ಕಿಗೆ ತಾಗುತ್ತಿತ್ತು. ಅರ್ಧ ಹೇಗೂ ತುಕ್ಕು ತಿಂದಿದ್ದರಿಂದ ಉಳಿದರ್ಧವನ್ನು ಹಿಂದಕ್ಕೆ ಬಗ್ಗಿಸಿದೆ.

ಇದರಿಂದ ಸಿಗುವುದೇನು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಪ್ಯಾಡು ಕಚ್ಚುವ ಜಾಗ ಅಚ್ಚಿನಿಂದ ಸುಮಾರು ಒಂದೂಕಾಲು ಸೆಂಟಿಮೀಟರ್ ಹೊರಗೆ ಸರಿಯುವುದರಿಂದ ಅಷ್ಟೇ ಒತ್ತಡಕ್ಕೆ ತಿರುಚುಬಲ ಶೇಕಡ ಹತ್ತರ ಆಸುಪಾಸಿನಲ್ಲಿ ಹೆಚ್ಚುತ್ತದೆ. ಒಂದೇ ಒಂದು ಸಲ ತುರ್ತಾಗಿ ನಿಲ್ಲಿಸುವಾಗ ಇದರಿಂದ ದೂರ ಕಡಿಮೆಯಾಗುವುದಿಲ್ಲ, ಏಕೆಂದರೆ ಹಳೆಯ ಬ್ರೇಕಿಗೂ ಚಕ್ರವನ್ನು ಎಬಿಎಸ್ ಎಚ್ಚರಗೊಳ್ಳುವವರೆಗೆ ಹಿಡಿದಿಡುವ ಶಕ್ತಿಯಿತ್ತು. ಅಲ್ಲಿಂದಾಚೆಗೆ ದೂರವನ್ನು ತೀರ್ಮಾನಿಸುವುದು ಟೈರು ಮತ್ತು ರಸ್ತೆ. ದೊಡ್ಡ ಡಿಸ್ಕು ಕೊಡುವುದು ಶಾಖಕ್ಕೆ ಜಾಗ. ಹೆಚ್ಚು ಕಬ್ಬಿಣ ಇರುವುದರಿಂದ ಅಷ್ಟೇ ಶಾಖಕ್ಕೆ ಕಡಿಮೆ ಬಿಸಿಯಾಗುತ್ತದೆ, ಹೆಚ್ಚು ಮೈ ಇರುವುದರಿಂದ ಬೇಗ ಆರುತ್ತದೆ. ಮೂರು ಹಂಡೆ ನೀರು ಕಾಯಿಸುವವನಿಗೆ ಅದು ಬೇಕಾದ್ದೇ. ದಿನಾ ಕಚೇರಿಗೆ ಹೋಗಿ ಬರುವವನಿಗೆ ಬೇಕಿಲ್ಲ.

ಬೆಲೆ ತೆರಬೇಕಾದ ಕಡೆ ಚಕ್ರಗಳದ್ದು. ಹಳೆಯ 16 ಅಂಗುಲದ ಚಕ್ರದೊಳಗೆ ಈ ಕ್ಯಾಲಿಪರ್ ಕೂರುವುದಿಲ್ಲ, 17 ಅಂಗುಲದ್ದು ಬೇಕು. ಆರು ಬೋಲ್ಟಿನ ಅಳತೆ ಎರಡೂ ಪೀಳಿಗೆಗಳಲ್ಲಿ ಒಂದೇ ಆದ್ದರಿಂದ ಬಳಸಿದ ಚಕ್ರಗಳು ಸುಲಭವಾಗಿ ಸಿಕ್ಕವು. ನಾಲ್ಕನ್ನೂ ಹಾಕಿ, ಬೀಗುತ್ತ ಹಿಂದೆ ಹೋಗಿ ನಿಂತಾಗ ಗಾಡಿಯ ಹೊಟ್ಟೆಯಡಿ ನೇತಾಡುತ್ತಿದ್ದ ಸ್ಟೆಪ್ನಿ ಕಣ್ಣಿಗೆ ಬಿತ್ತು: ಅದು ಇನ್ನೂ 16ರದ್ದು. ಮುಂದಿನ ಚಕ್ರ ಪಂಕ್ಚರ್ ಆದರೆ ಆ ಸ್ಟೆಪ್ನಿ ಬ್ರೇಕಿನ ಮೇಲೆ ಕೂರುವುದೇ ಇಲ್ಲ. ಐದನೆಯ ಚಕ್ರಕ್ಕಾಗಿ ಮತ್ತೆ ಗುಜರಿಗೆ ಹೋದೆ.

ತೂತು ಕೊರೆದ ಡಿಸ್ಕುಗಳನ್ನು ನಾನು ಬೇಕೆಂದೇ ಬಿಟ್ಟೆ. ಭಾರದ ಗಾಡಿ ಪದೇ ಪದೇ ಕಾದು ಆರುವಾಗ ಆ ತೂತುಗಳ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಪ್ಯಾಡನ್ನಂತೂ ನೋಡಿಯೇ ಆರಿಸಬೇಕು. ಅಂಚಿನಲ್ಲಿ ಅಚ್ಚಾದ ಅಕ್ಷರಮಾಲೆಯ ಕೊನೆಯಲ್ಲಿ ಎರಡು ಅಕ್ಷರಗಳಿರುತ್ತವೆ: ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ನಾನು ಎರಡೂ ಎಫ್ ಇರುವ ಅರೆಲೋಹದ ಪ್ಯಾಡನ್ನು ಹಾಕಿದ್ದೇನೆ. ಚಕ್ರದ ಮೇಲೆ ಕರಿ ಧೂಳು ಹೆಚ್ಚು, ಬೆಳಗಿನ ಚಳಿಯಲ್ಲಿ ಮೊದಲ ಸಲ ಸ್ವಲ್ಪ ಕಿರುಗುಡುತ್ತದೆ.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕು ಸೊಟ್ಟಗಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬಹುಪಾಲು ಸಲ ಡಿಸ್ಕು ಸೊಟ್ಟಗಾಗಿರುವುದಿಲ್ಲ. ಡಿಸ್ಕು ಮತ್ತು ಚಕ್ರ ಕೂರುವ ಹಬ್ಬಿನ ಮೇಲಿನ ತುಕ್ಕಿನ ಚಕ್ಕೆಯೊಂದು ಅದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿರುತ್ತದೆ, ಆ ಓರೆ ಸಾವಿರಾರು ಮೈಲಿ ಪ್ಯಾಡಿಗೆ ಸವರಿ ಸವರಿ ಡಿಸ್ಕಿನ ದಪ್ಪವೇ ಏರುಪೇರಾಗುತ್ತದೆ. ಅದಕ್ಕಾಗಿ ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಬರಿ ಲೋಹ ಕಾಣುವವರೆಗೆ ಉಜ್ಜಿದೆ, ಚಕ್ರದ ನಟ್ಟುಗಳನ್ನು ಗನ್ನಿನಿಂದ ಬಿಗಿಯದೆ ಟಾರ್ಕ್ ರೆಂಚಿನಿಂದ ನಕ್ಷತ್ರದ ಕ್ರಮದಲ್ಲಿ 140 ಪೌಂಡ್-ಅಡಿಗೆ ಬಿಗಿದೆ.

ಬ್ರೇಕ್ ಪೈಪುಗಳೊಳಗಿನ ಏರ್ ತೆಗೆಯುವ ಕೆಲಸಕ್ಕೆ ಮಗಳು ಪೆಡಲಿನ ಮೇಲೆ ಕೂತಳು. ನಾನು ಕೆಳಗಿನಿಂದ "ಒತ್ತು" ಎಂದರೆ "ಒತ್ತಿದೀನಿ ಅಪ್ಪಾ" ಎನ್ನಬೇಕು, ನಾನು ಕ್ಯಾಲಿಪರಿನ ತಿರುಪನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಮುಚ್ಚುವವರೆಗೆ ಕಾಲು ಎತ್ತಬಾರದು, "ಬಿಡು" ಎಂದ ಮೇಲಷ್ಟೇ ಬಿಡಬೇಕು. ಪಾರದರ್ಶಕ ನಳಿಗೆಯಲ್ಲಿ ಮೊದಲು ಹಳಸಿದ ಚಹಾದ ಬಣ್ಣದ ಆಯಿಲ್ ಗುಳ್ಳೆಗಳೊಂದಿಗೆ ಇಳಿಯಿತು, ಆಮೇಲೆ ತೆಳು ಹಳದಿ, ಆಮೇಲೆ ಗುಳ್ಳೆಯಿಲ್ಲದ ತಿಳಿ. ಹೊಸದಾಗಿ ಹಾಕಿದ್ದು ಡಾಟ್ 4: ಹೊಸತಾಗಿರುವಾಗ 230 ಡಿಗ್ರಿ, ತೇವ ಹೀರಿದ ಮೇಲೆ 155. ಡಾಟ್ 5 ಎಂಬುದು ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಇಷ್ಟಾದರೂ ಪೆಡಲ್ ಕೊಂಚ ಮೆತ್ತಗೇ ಇತ್ತು. ಪೈಪುಗಳನ್ನೆಲ್ಲ ಬಿಚ್ಚಿದ್ದರಿಂದ ಎಬಿಎಸ್ ಘಟಕದ ಹೊಟ್ಟೆಯಲ್ಲಿ ಗಾಳಿ ಉಳಿದಿತ್ತು, ಸ್ಕ್ಯಾನ್ ಉಪಕರಣದಿಂದ ಅದರ ಕವಾಟಗಳನ್ನು ಓಡಿಸಿ ಇನ್ನೊಂದು ಸುತ್ತು ಹೊಡೆದ ಮೇಲೆ ಸರಿಹೋಯಿತು. ಆ ಉಪಕರಣವನ್ನು ಸ್ನೇಹಿತರಿಂದ ಕಡ ತಂದಿದ್ದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈ ಮೇ ತಿಂಗಳಲ್ಲಿ ಅದೇ ಟ್ರೇಲರ್ ಕಟ್ಟಿಕೊಂಡು ಅದೇ ದಾರಿಯನ್ನು ಇಳಿದೆವು. ನೆತ್ತಿಯಿಂದಲೇ ಎರಡನೆಯ ಗೇರು. ಟ್ರೇಲರಿನ ಬ್ರೇಕನ್ನು ಹೊರಡುವ ಮೊದಲು ಖಾಲಿ ಜಾಗದಲ್ಲಿ ಪರೀಕ್ಷಿಸಿ ಹೊಂದಿಸಿಕೊಂಡಿದ್ದೆ. ಹಿಂದಿನ ಸಲ ಹೊಗೆ ಎದ್ದ ತಂಗುಜಾಗದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳ ಬಳಿ ಕೈ ಹಿಡಿದು ನೋಡಿದೆ, ಬೆಚ್ಚಗಿತ್ತು ಅಷ್ಟೆ. ಇದರಲ್ಲಿ ದೊಡ್ಡ ಡಿಸ್ಕಿನ ಪಾಲೆಷ್ಟು, ಎರಡನೆಯ ಗೇರಿನ ಪಾಲೆಷ್ಟು ಎಂದು ಹೆಂಡತಿ ಕೇಳಿದಳು. ಗೇರಿನದ್ದೇ ಹೆಚ್ಚು ಎಂದು ಒಪ್ಪಿಕೊಂಡೆ. ಪಾರ್ಕಿಂಗ್ ಬ್ರೇಕಿನ ಶೂ ಮತ್ತು ಹಿಂದಿನ ರಬ್ಬರ್ ಹೋಸುಗಳ ಕೆಲಸ ಇನ್ನೂ ಬಾಕಿಯಿದೆ. ರಸ್ತೆಗೆ ಉಪ್ಪು ಬೀಳುವುದಕ್ಕೆ ಮುಂಚೆ ಮುಗಿಸಬೇಕು.