ಫ್ಲೋರೊದಲ್ಲಿ ಮಳೆಗಾಲ ಯಾವಾಗ?

ನಾನು ಬೆಂಗಳೂರಿನ ಆಫೀಸ್‌ನಲ್ಲಿ ಕೂತು ಹೊರದೇಶಗಳ ಕಟ್ಟಡ ಕೆಲಸಕ್ಕೆ ಶೆಡ್ಯೂಲ್ ಮಾಡುತ್ತೇನೆ. ಯಾವ ಕೆಲಸ ಯಾವ ವಾರ ಶುರು, ಎಷ್ಟು ಜನ ಬೇಕು, ಎಷ್ಟು ದಿನ ಹಿಡಿಯುತ್ತದೆ, ದಿನವಿಡೀ ಇದೇ ಲೆಕ್ಕ. ಕೆಲವು ವರ್ಷದ ಹಿಂದೆ ನಾರ್ವೆಯ ಫ್ಲೋರೊ ಎಂಬ ಊರಿಂದ ಒಂದು ಕೆಲಸ ಬಂತು. ಬಂದರಿನ ಪಕ್ಕದ ಹಳೆಯ ಮರದ ಗೋದಾಮು. ಕೊಳೆತ ಹಲಗೆ ತೆಗೆದು ಹೊಸದು ಹಾಕಬೇಕು, ಆಮೇಲೆ ಹೊರಗೋಡೆಗೆಲ್ಲ ಬಣ್ಣ.

ಫ್ಲೋರೊ ಚಿಕ್ಕ ಊರು. 1860ರಲ್ಲಿ ಹೆರಿಂಗ್ ಮೀನುಗಾರಿಕೆಯನ್ನು ನಂಬಿ ಹುಟ್ಟಿದ್ದು. ನಾರ್ವೆಯ ಪಟ್ಟಣಗಳಲ್ಲೇ ತೀರಾ ಪಶ್ಚಿಮಕ್ಕಿರುವುದು ಇದೇ. ಮುಂದೆ ಅಟ್ಲಾಂಟಿಕ್, ಬೆನ್ನಿಗೆ ಬೆಟ್ಟ. ಮಳೆ ಎಷ್ಟು ಅಂತ ನೋಡಿದೆ. ವರ್ಷಕ್ಕೆ 2000 ಮಿಲಿಮೀಟರ್ ಆಸುಪಾಸು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಪಕ್ಕದ ಆಗುಂಬೆಯಲ್ಲಿ 7000 ದಾಟುತ್ತದೆ. ಇಷ್ಟೇನಾ ಅಂದುಕೊಂಡು ಮುಂದೆ ಹೋದೆ.

ತಪ್ಪು ಆಗಿದ್ದು ಅಲ್ಲೇ. ಉಡುಪಿ ಕಡೆಯ ಒಂದು ಕೆಲಸಕ್ಕೆ ಮಾಡಿದ್ದ ಶೆಡ್ಯೂಲ್ ಫೈಲ್ ನನ್ನ ಹತ್ತಿರ ಇತ್ತು. ಅದನ್ನೇ ಕಾಪಿ ಮಾಡಿ ಹೆಸರು, ಅಳತೆ ಬದಲಾಯಿಸಿದೆ. ಆ ಫೈಲ್‌ನ ಒಳಗಿನ ಕ್ಯಾಲೆಂಡರ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಅರ್ಧ ವೇಗ, ಅಕ್ಟೋಬರ್‌ನಿಂದ ಪೂರ್ತಿ ವೇಗ ಅಂತ ಇತ್ತು. ಬಣ್ಣದ ಕೆಲಸ ತಾನಾಗಿ ಅಕ್ಟೋಬರ್ ಮೊದಲ ವಾರಕ್ಕೆ ಹೋಗಿ ಕೂತಿತು. ನನಗೂ ಅದು ಸರಿ ಅನ್ನಿಸಿತು. ಮಳೆ ಬಿಟ್ಟ ಮೇಲೆ, ದೀಪಾವಳಿಗೆ ಮೊದಲು ಮನೆಗೆ ಸುಣ್ಣಬಣ್ಣ ಮಾಡಿಸುವುದನ್ನು ನೋಡಿಯೇ ಬೆಳೆದವರು ನಾವು, ಅಲ್ವಾ. ಆಫೀಸ್‌ನಲ್ಲಿ ಫೈಲ್ ನೋಡಿದ ಇನ್ನಿಬ್ಬರಿಗೂ ಅದು ತಪ್ಪು ಅಂತ ಅನ್ನಿಸಲಿಲ್ಲ.

ಅಕ್ಟೋಬರ್ ಎರಡನೇ ವಾರ ಅಲ್ಲಿಯ ಸೈಟ್ ಸೂಪರ್‌ವೈಸರ್ ವಿಡಿಯೋ ಕಾಲ್ ಮಾಡಿದರು. ಸಾರ್ವೆಯ ಮೇಲೆ ನಿಂತಿದ್ದರು. ಗೋಡೆಗೆ ಕಟ್ಟಿದ್ದ ಟಾರ್ಪಾಲ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಮಳೆ ಮೇಲಿಂದ ಬೀಳುತ್ತಿರಲಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಟಾರ್ಪಾಲ್ ಅಡಿಗೇ ನುಗ್ಗುತ್ತಿತ್ತು. ಅವರು ಜೇಬಿನಿಂದ ಒಂದು ಚಿಕ್ಕ ಮೀಟರ್ ತೆಗೆದರು. ಅದರ ತುದಿಗೆ ಎರಡು ಸೂಜಿ. ಹಲಗೆಗೆ ಒತ್ತಿ ಹಿಡಿದು ಸಂಖ್ಯೆ ತೋರಿಸಿದರು. 26. ಮರದ ತೇವ ಶೇಕಡಾ 18ಕ್ಕಿಂತ ಕೆಳಗೆ ಬರದೆ ಅವರು ಬ್ರಷ್ ಮುಟ್ಟುವಂತಿಲ್ಲ. ಒದ್ದೆ ಮರಕ್ಕೆ ಹೊಡೆದ ಬಣ್ಣ ಗುಳ್ಳೆ ಎದ್ದು ಸುಲಿದು ಬರುತ್ತದೆ.

"ಈ ಗೋಡೆ ಇನ್ನು ಏಪ್ರಿಲ್‌ವರೆಗೆ ಒಣಗುವುದಿಲ್ಲ. ಅಕ್ಟೋಬರ್ ಅಂತ ಯಾಕೆ ಹಾಕಿದಿರಿ?" ಅಂತ ಕೇಳಿದರು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾರ್ವೆಯ ಬಾಡಿಗೆ ಓಡುತ್ತಿತ್ತು, ಬಣ್ಣದವರು ಸುಮ್ನೆ ಕೂತಿದ್ದರು. ಆ ಸಂಜೆ ತಪ್ಪು ನನ್ನದೇ ಅಂತ ಮೇಲ್ ಬರೆದು ಕೆಲಸ ಮುಂದಕ್ಕೆ ಹಾಕಿಸಿದೆ.

ಆಮೇಲೆ ಕೂತು ತಿಂಗಳ ಲೆಕ್ಕ ತೆಗೆದೆ. ನಾರ್ವೆಯ ಹವಾಮಾನ ಸಂಸ್ಥೆ ಹಳೆಯ ದಾಖಲೆಗಳನ್ನೆಲ್ಲ ಸೆಕ್ಲಿಮಾ ಎಂಬ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಅದೇ ಕರಾವಳಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಬರ್ಗೆನ್ ಇದೆ. ಅಲ್ಲಿ 1961ರಿಂದ 1990ರ ಸರಾಸರಿ ಹೀಗೆ: ಮೇ ತಿಂಗಳಲ್ಲಿ 106 ಮಿಲಿಮೀಟರ್, ಸೆಪ್ಟೆಂಬರ್‌ನಲ್ಲಿ 283, ಅಕ್ಟೋಬರ್‌ನಲ್ಲಿ 271. ನಾನು ಬಣ್ಣಕ್ಕೆ ಆರಿಸಿದ್ದು ವರ್ಷದಲ್ಲೇ ಮಳೆ ಜಾಸ್ತಿ ಇರುವ ತಿಂಗಳುಗಳಲ್ಲಿ ಒಂದನ್ನು. ಬರ್ಗೆನ್‌ನಲ್ಲಿ 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ 85 ದಿನ ಒಂದು ದಿನವೂ ಬಿಡದೆ ಮಳೆ ಬಂದಿತ್ತು.

ಒಂದು ಅರ್ಧ ನಮ್ಮ ಊರಿನ ಕಥೆಯೇ. ಸಮುದ್ರದ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ, ಮಳೆ ಸುರಿಸುತ್ತದೆ. ಸಹ್ಯಾದ್ರಿ ದಾಟಿದರೆ ಬಯಲುಸೀಮೆ ಒಣಗಿರುವ ಹಾಗೆ ಅಲ್ಲೂ ಬೆಟ್ಟದಾಚೆ ಶೋಕ್ ಎಂಬ ಕಡೆ ವರ್ಷಕ್ಕೆ 300 ಮಿಲಿಮೀಟರ್ ಕೂಡ ಬರುವುದಿಲ್ಲ. ಹಳೆಯ ಕಾಲದಿಂದ ಕಾಲುವೆ ತೋಡಿ ಹೊಲಕ್ಕೆ ನೀರು ಹಾಯಿಸಿದ ಜನ ಅವರು. ನಾರ್ವೆಯಲ್ಲಿ ಹೀಗೊಂದು ಜಾಗ ಇದೆ ಅಂತ ಓದಿ ನನಗೆ ಆಶ್ಚರ್ಯವಾಯಿತು.

ಇನ್ನೊಂದು ಅರ್ಧ ಬೇರೆ. ನಮ್ಮ ಮುಂಗಾರು ಒಂದು ಸಲ ಬಂದು, ನಾಲ್ಕು ತಿಂಗಳು ಹೊಯ್ದು, ವಾಪಸ್ ಹೋಗುತ್ತದೆ. ಅಲ್ಲಿ ಮಳೆ ತರುವುದು ಅಟ್ಲಾಂಟಿಕ್‌ನಿಂದ ಒಂದರ ಹಿಂದೆ ಒಂದು ಬರುವ ವಾಯುಭಾರ ಕುಸಿತಗಳು. ಉತ್ತರದ ಥಂಡಿ ಗಾಳಿಗೂ ದಕ್ಷಿಣದ ಬೆಚ್ಚನೆ ಗಾಳಿಗೂ ಅಂತರ ಹೆಚ್ಚಿದಷ್ಟು ಅವುಗಳಿಗೆ ಬಲ. ಬೇಸಿಗೆ ಕಳೆದ ಹಾಗೆ ಆ ಅಂತರ ಏರುತ್ತದೆ. ಸಮುದ್ರದಲ್ಲಿ ಇನ್ನೂ ಬೇಸಿಗೆಯ ಬಿಸಿ ಉಳಿದಿರುವುದರಿಂದ ಗಾಳಿಗೆ ನೀರಾವಿಯೂ ಜಾಸ್ತಿ ಸಿಗುತ್ತದೆ. ಏಪ್ರಿಲ್ ಹೊತ್ತಿಗೆ ಎರಡೂ ಇಳಿಯುತ್ತವೆ. ಹಾಗಾಗಿ ಏಪ್ರಿಲ್, ಮೇ, ಜೂನ್ ಅವರಿಗೆ ಒಣ ತಿಂಗಳು. ಒಣ ಅಂದರೂ ಆಗಾಗ ಮಳೆ ಇದ್ದದ್ದೇ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ನಮ್ಮಲ್ಲಿ ಒಂದೇ ದಿನ 200 ಮಿಲಿಮೀಟರ್ ಬಿದ್ದರೂ ಜನವರಿಯಲ್ಲಿ ಮರ ಖಣಖಣ ಒಣಗಿರುತ್ತದೆ. ಅಲ್ಲಿ ದಿನಕ್ಕೆ ಎಂಟು ಹತ್ತು ಮಿಲಿಮೀಟರ್ ಬಂದರೂ ಹಲಗೆ ಚಳಿಗಾಲವಿಡೀ ಆರುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಕು ಇರುವುದೇ ಐದಾರು ಗಂಟೆ.

ಈಗ ಹೊಸ ಊರಿನ ಕೆಲಸ ಬಂದರೆ ಖಾಲಿ ಕ್ಯಾಲೆಂಡರ್‌ನಿಂದ ಶುರು ಮಾಡುತ್ತೇನೆ. ವರ್ಷದ ಒಟ್ಟು ಮಳೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ತಿಂಗಳ ಮಳೆ, ಮಳೆ ಬರುವ ದಿನಗಳು, ಗಾಳಿಯ ದಿಕ್ಕು. ಅದಕ್ಕೂ ಮೊದಲು ಸೈಟ್‌ನಲ್ಲಿ ಇರುವವರಿಗೆ ಫೋನ್. "ನಿಮ್ಮ ಮನೆಗೆ ನೀವು ಯಾವ ತಿಂಗಳಲ್ಲಿ ಬಣ್ಣ ಹೊಡೆಸುತ್ತೀರಿ?" ಅಂತ ಕೇಳುತ್ತೇನೆ. ಅಪ್ಪ ಯಾವ ಊರಿಗೆ ಹೋದರೂ "ಇಲ್ಲಿ ಯಾವ ಮಳೆಗೆ ಬಿತ್ತನೆ?" ಅಂತ ಕೇಳುತ್ತಿದ್ದರು. ರೋಹಿಣಿಯೋ, ಮೃಗಶಿರವೋ, ಆರಿದ್ರವೋ. ಅಪ್ಪನ ಜೊತೆ ಓಡಾಡಿದವನು ನಾನು, ಆದರೂ ಫ್ಲೋರೊದವರನ್ನು ಆ ಮಾತು ಕೇಳಿರಲಿಲ್ಲ.

ಗೋದಾಮಿನ ಬಣ್ಣವನ್ನು ಮರುವರ್ಷದ ಮೇ ತಿಂಗಳಿಗೆ ಹಾಕಿದೆವು. ಜುಲೈನಲ್ಲಿ ಅಲ್ಲಿಯ ಕಟ್ಟಡ ಕೆಲಸದವರಿಗೆಲ್ಲ ಒಟ್ಟಿಗೆ ಮೂರು ವಾರ ರಜೆ, ಅಷ್ಟರೊಳಗೆ ಮುಗಿಯಬೇಕಿತ್ತು. ಮೇ ಕೊನೆಯಲ್ಲಿ ಒಂದು ರಾತ್ರಿ ಸೂಪರ್‌ವೈಸರ್ ಕಾಲ್ ಮಾಡಿದರು. ಅಲ್ಲಿ ಒಂಬತ್ತು ಗಂಟೆ, ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಮೀಟರ್ ಒತ್ತಿ ತೋರಿಸಿದರು. 15. ನಾಳೆ ಎರಡನೇ ಕೋಟ್ ಅಂದರು. ಫೋನ್ ಇಡುವ ಮೊದಲು, "ನಿಮ್ಮ ಊರಲ್ಲಿ ಮಳೆ ಶುರುವಾಯಿತಾ?" ಅಂತ ಕೇಳಿದರು.

ಇನ್ನೊಂದು ವಾರ, ಹತ್ತು ದಿನ ಇದೆ ಅಂದೆ.