ದಿನವಿಡೀ ದುಡಿದರೆ ಎಂಟೋ ಹತ್ತೋ ಅಚ್ಚು

ಮೇ 22, 2024, ಬುಧವಾರ

1844ರಲ್ಲಿ ಇದೇ ದಿನ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚಿತ್ರಕಲಾವಿದೆ ಮೇರಿ ಕಸಾಟ್ ಹುಟ್ಟಿದ್ದು. ತಾಯಿ-ಮಗುವಿನ ವರ್ಣಚಿತ್ರಗಳಿಂದ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದು ಅವರು ಪ್ಯಾರಿಸ್ಸಿನಲ್ಲಿ 1890–91ರಲ್ಲಿ ಮಾಡಿದ ಬಣ್ಣದ ಹತ್ತು ಅಚ್ಚುಚಿತ್ರಗಳು. ಲಕೋಟೆಯ ಅಂಟಿಗೆ ನಾಲಿಗೆ ತಾಗಿಸುವ ಹೆಂಗಸು, ಮಗುವನ್ನು ಎತ್ತಿಕೊಂಡೇ ಸ್ನಾನದ ನೀರು ಮುಟ್ಟಿ ನೋಡುವ ಕೈ, ಮಂಡಿಯೂರಿ ಇನ್ನೊಬ್ಬಳ ಉಡುಪಿನ ಅಂಚು ಸರಿಮಾಡುವ ಹೊಲಿಗೆಯಾಕೆ.

1890ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಪಾನಿ ಅಚ್ಚುಗಳ ಪ್ರದರ್ಶನವೇ ಇದಕ್ಕೆ ಪ್ರೇರಣೆ. ಆದರೆ ಅವು ಮರದಚ್ಚು. ಕಸಾಟ್ ಹಿಡಿದದ್ದು ತಾಮ್ರದ ತಗಡು.

ಒಂದು ಚಿತ್ರಕ್ಕೆ ಹೆಚ್ಚೆಂದರೆ ಮೂರು ತಗಡು. ಮೊದಲನೆಯದರಲ್ಲಿ ಸೂಜಿಯಿಂದ ನೇರವಾಗಿ ಗೀಚಿದ ಗೆರೆ, ಅಂದರೆ ಡ್ರೈಪಾಯಿಂಟ್. ಆ ಗೆರೆಯನ್ನೇ ಉಳಿದೆರಡಕ್ಕೆ ಇಳಿಸಿ, ಬಣ್ಣ ಬರಬೇಕಾದ ಕಡೆ ಅಕ್ವಾಟಿಂಟ್: ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಬಿಸಿ ಮಾಡಿ ಅಂಟಿಸಿ, ಆಮ್ಲದಲ್ಲಿ ಅದ್ದುವುದು. ಪುಡಿಯ ಕಣಗಳ ನಡುವೆ ಆಮ್ಲ ತಿಂದ ಸಣ್ಣ ಗುಳಿಗಳೇ ಶಾಯಿ ಹಿಡಿಯುತ್ತವೆ. ಕೆಡುವುದೂ ಹೆಚ್ಚಾಗಿ ಇಲ್ಲೇ. ಕಾವು ಹೆಚ್ಚಾದರೆ ರಾಳ ಕರಗಿ ಒಂದೇ ಪೊರೆಯಾಗುತ್ತದೆ, ಆಮ್ಲ ಒಳಗಿಳಿಯುವುದಿಲ್ಲ. ಕಡಿಮೆಯಾದರೆ ಕಣಗಳು ಆಮ್ಲದಲ್ಲೇ ಕಿತ್ತು ಬಂದು ಬಣ್ಣ ತೇಪೆತೇಪೆಯಾಗುತ್ತದೆ.

ಆಮೇಲೆ ಶಾಯಿ. ಒಂದೇ ತಗಡಿನ ಮೇಲೆ ಬೇರೆ ಬೇರೆ ಬಣ್ಣಗಳನ್ನು ಅದರದರ ಜಾಗಕ್ಕೆ ಕೈಯಿಂದಲೇ ಹಚ್ಚಬೇಕು, ಪ್ರತಿ ಅಚ್ಚಿಗೂ ಹೊಸದಾಗಿ. ಹಾಗಾಗಿ ಎರಡು ಪ್ರತಿ ಪೂರ್ತಿ ಒಂದೇ ಥರ ಇರುವುದಿಲ್ಲ. ಲಕೋಟೆ ಅಂಟಿಸುವಾಕೆಯ ಚಿತ್ರದಲ್ಲಿ ಉಡುಪು ಗಾಢ ನೀಲಿ, ಬಾಯಿಗೆ ಹಿಡಿದ ಲಕೋಟೆ ಬೆಳ್ಳಗೆ. ಆ ಬಿಳುಪು ಬಣ್ಣವಲ್ಲ, ಬರಿ ಕಾಗದ. ಮೇಲುಳಿದ ಶಾಯಿಯನ್ನು ತಗಡಿನಿಂದ ಒರೆಸುವಾಗ ಅಲ್ಲಿ ಒಂದಿಷ್ಟು ನೀಲಿ ಉಳಿದರೂ ಲಕೋಟೆ ಮಾಸಿದಂತಾಗಿ ಚಿತ್ರವೇ ಹೋಯಿತು.

ಕಾಗದವನ್ನು ಒದ್ದೆ ಮಾಡಿಯೇ ಪ್ರೆಸ್ಸಿಗೆ ಕೊಡುವುದು. ಒಂದು ತಗಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅದು ಆರಿದರೆ ಕುಗ್ಗುತ್ತದೆ. ಆಗ ಬಣ್ಣ ಗೆರೆಯಿಂದ ಆಚೆ ಸರಿದು ಕೂರುತ್ತದೆ. ಡ್ರೈಪಾಯಿಂಟಿನದು ಬೇರೆಯೇ ತೊಂದರೆ: ಗೀಚಿದಾಗ ಅಂಚಿನಲ್ಲಿ ಏಳುವ ತಾಮ್ರದ ಸಿಬಿರೇ ಗೆರೆಗೆ ಮಖಮಲ್ಲಿನ ಮೆದು ಕೊಡುವುದು, ಪ್ರೆಸ್ಸಿನ ಒತ್ತಡಕ್ಕೆ ಅದು ಬೇಗ ಚಪ್ಪಟೆಯಾಗುತ್ತದೆ. ಕಸಾಟ್ ಒಂದೊಂದು ಚಿತ್ರಕ್ಕೆ 25 ಪ್ರತಿ ಮಾತ್ರ ತೆಗೆದರು.

ಇಬ್ಬರು ಎಂಟು ಗಂಟೆ ಮೈಮುರಿದು ದುಡಿದರೂ ದಿನಕ್ಕೆ ಸಿಗುತ್ತಿದ್ದದ್ದು ಎಂಟೋ ಹತ್ತೋ ಅಚ್ಚು ಎಂದು ಅವರೇ ಮುಂದೆ ಪತ್ರದಲ್ಲಿ ಬರೆದಿದ್ದಾರೆ. ಲೆಕ್ಕ ಹಾಕಿದರೆ 250 ಅಚ್ಚಿಗೆ ಪ್ರೆಸ್ಸಿನ ಮುಂದೆಯೇ ಹೆಚ್ಚುಕಡಿಮೆ ಒಂದು ತಿಂಗಳು. ಆ ಇನ್ನೊಬ್ಬರು ಅಚ್ಚು ತೆಗೆಯುವ ಕಸುಬಿನ ಲೆರುವಾ. ಚಿತ್ರದ ಕೆಳಗೆ ಕಸಾಟ್ ಸ್ವಂತ ಕೈಯಿಂದ ಬರೆದ ಸಾಲಿನಲ್ಲಿ ಅವರ ಹೆಸರೂ ಇದೆ: ಅಚ್ಚು ಹಾಕಿದವರು ಕಲಾವಿದೆ ಮತ್ತು ಶ್ರೀ ಲೆರುವಾ.