ವಿಷುವಿಗೆ ಮನೆಯಲ್ಲೇ ಹುದುಗಿಸಿದ ಜೀರಿಗೆ ಸೋಡಾ

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ, ಪೆರ್ಲದ ತನಕ ಯಾವ ಗೂಡಂಗಡಿಯ ಮುಂದೆ ನಿಂತರೂ ಜೇನಿನ ಬಣ್ಣದ ಜೀರಿಗೆ ಸೋಡಾ ಸಿಗುತ್ತದೆ. ಅಗ್ಗದ ಪಾನೀಯ, ಊಟವಾದ ಮೇಲೆ ಹೊಟ್ಟೆಗೆ ಹಿತ. ಅದನ್ನೇ ಮನೆಯಲ್ಲಿ, ಸಿಲಿಂಡರಿನಿಂದ ಗ್ಯಾಸ್ ತುಂಬದೆ, ಹುದುಗಿಸಿ ಮಾಡಲು ಹೊರಟದ್ದು ಈ ಬರಹದ ವಿಷಯ. ಎರಡು ಸಲ ಕೆಟ್ಟಿತು. ಮೂರನೆಯದು ವಿಷುವಿನ ಊಟದ ಹೊತ್ತಿಗೆ ಸರಿಯಾಗಿ ಬಂತು.

ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ತಮಗಿಷ್ಟದ, ಆಂಬರ್ ಏಲ್ ಎಂಬ ಕೆಂಗಂದು ಬಣ್ಣದ ಅಗ್ಗದ ಬಿಯರನ್ನು ನಕಲು ಮಾಡುವಾಗ ಅನುಸರಿಸುವ ಕ್ರಮವೊಂದಿದೆ. ಅಸಲನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ, ಸಿಹಿ, ಕಹಿ, ಗ್ಯಾಸ್ ಇವನ್ನು ಬೇರೆ ಬೇರೆಯಾಗಿ ಬರೆದಿಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ನಮ್ಮಲ್ಲಿ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಅಬ್ಕಾರಿ ಕಾಯ್ದೆ ಬಿಡುವುದಿಲ್ಲ. ಆದರೆ ಆ ಕ್ರಮ ಜೀರಿಗೆ ಸೋಡಾಕ್ಕೂ ಚೆನ್ನಾಗಿ ಒಗ್ಗುತ್ತದೆ. ಅವರ ಕ್ಯಾರಮೆಲ್ ಮಾಲ್ಟಿನ (ಮೊಳಕೆ ಬರಿಸಿ ಹುರಿದ ಬಾರ್ಲಿಯ) ಜಾಗದಲ್ಲಿ ನಮಗೆ ಕರಗಿಸಿ ಕೆಂಪಾಗಿಸಿದ ಸಕ್ಕರೆ. ಹಾಪ್ಸ್ ಎಂಬ ಹೂವಿನ ಕಹಿಯ ಜಾಗದಲ್ಲಿ ಹುರಿದ ಜೀರಿಗೆ ಮತ್ತು ಕರಿಮೆಣಸು. ಅವರು ಕುದಿಸುವ ಮಾಲ್ಟಿನ ರಸವನ್ನು ನಮ್ಮ ಭಾಷೆಯಲ್ಲಿ ಕಷಾಯ ಎಂದರೆ ತಪ್ಪಾಗದು. ಕಷಾಯ ಮಾಡುವುದನ್ನು ಈ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲು ಬೇಕಾದದ್ದು ಹುದುಗು. ಏಪ್ರಿಲ್ 8ರ ಬೆಳಿಗ್ಗೆ ಒಂದು ಲೀಟರಿನ ಗಾಜಿನ ಭರಣಿಗೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರು, ಸಿಪ್ಪೆ ಸಮೇತ ತುರಿದ 25 ಗ್ರಾಂ ಶುಂಠಿ, 25 ಗ್ರಾಂ ಸಕ್ಕರೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ್ದಾಯಿತು. ಸಿಪ್ಪೆ ತೆಗೆಯಬಾರದು, ಸಕ್ಕರೆ ತಿಂದು ಗ್ಯಾಸ್ ಹುಟ್ಟಿಸುವ ಯೀಸ್ಟ್ ಇರುವುದೇ ಅಲ್ಲಿ. ಅಂಗಡಿಯ ತೊಳೆದು ಹೊಳೆಯುವ ಶುಂಠಿ ಕೆಲವೊಮ್ಮೆ ಏಳುವುದೇ ಇಲ್ಲ. ತೋಟದಿಂದ ಕಿತ್ತು ಮಣ್ಣು ಮಾತ್ರ ತೊಳೆದದ್ದು ಕೈಕೊಟ್ಟದ್ದಿಲ್ಲ. ದಿನಕ್ಕೊಮ್ಮೆ ಹತ್ತು ಗ್ರಾಂ ಶುಂಠಿ, ಹತ್ತು ಗ್ರಾಂ ಸಕ್ಕರೆ ಸೇರಿಸಬೇಕು; ದಿನಕ್ಕೆರಡು ಸಲ ಕದಡಬೇಕು. ಕದಡದಿದ್ದರೆ ಮೇಲೆ ತೇಲುವ ಶುಂಠಿ ಒಣಗಿ ಬೂಸ್ಟು ಹಿಡಿಯುತ್ತದೆ. ಹತ್ತಿಯಂಥ ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಬೇಡ, ಇಡೀ ಭರಣಿಯನ್ನು ಚೆಲ್ಲಿ. ನೀರು ಲೋಳೆಯಾಗಿ ನೂಲಿನಂತೆ ಎಳೆದರೆ ಅದು ಬೇರೊಂದು ಬ್ಯಾಕ್ಟೀರಿಯಾ ಸಕ್ಕರೆಯನ್ನು ಅಂಟಾಗಿಸಿದ ಗುರುತು. ಅದನ್ನೂ ಚೆಲ್ಲುವುದೇ ಒಳ್ಳೆಯದು. ಇರುವೆ ಬಾರದಂತೆ ಭರಣಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿದ್ದೆವು.

ನೀರಿನ ವಿಷಯದಲ್ಲಿ ಕಾಸರಗೋಡಿನ ಗುಡ್ಡದ ಮನೆಗಳವರು ಪುಣ್ಯವಂತರು. ನಲ್ಲಿಯ ಕ್ಲೋರಿನ್ ನೀರು ಹುದುಗನ್ನು ಕುಗ್ಗಿಸುತ್ತದೆ. ಸುರಂಗದ ನೀರಿಗೆ ಆ ಕಾಟವಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದು ಬರುವ ಈ ನೀರು ಮೃದು, ಲವಣ ಕಡಿಮೆ. ಪಾನೀಯ ಸಪ್ಪೆಯಾಗುವುದೂ ಅದರಿಂದಲೇ. ಸ್ವಲ್ಪ ಉಪ್ಪು ಹಾಕುವುದು ಬರಿಯ ರುಚಿಗಲ್ಲ, ಆ ಸಪ್ಪೆಯನ್ನು ತುಂಬಲಿಕ್ಕೂ ಹೌದು. ಕುದಿಸದೆ ಮಾತ್ರ ಬಳಸಬಾರದು.

ಮೂರನೆಯ ದಿನ, 11ರ ಮಧ್ಯಾಹ್ನ, ಭರಣಿಗೆ ಕಿವಿಯಿಟ್ಟರೆ ಸಣ್ಣಗೆ ಚುರುಚುರು ಕೇಳುತ್ತಿತ್ತು. ಸೌಟು ಆಡಿಸಿದರೆ ಬಿಳಿ ನೊರೆ ಏರಿ ಬರುತ್ತಿತ್ತು. ಈ ಸೆಖೆಯಲ್ಲಿ ಮೂರು ದಿನ ಸಾಕು, ಮಳೆಗಾಲದಲ್ಲಿ ಐದಾರು ದಿನ ಬೇಕಾದೀತು.

ಐದು ಲೀಟರಿಗೆ ನಮ್ಮ ಅಳತೆ ಹೀಗಿತ್ತು: ಜೀರಿಗೆ 30 ಗ್ರಾಂ, ಜಜ್ಜಿದ ಶುಂಠಿ 50 ಗ್ರಾಂ, ಕರಿಮೆಣಸು 3 ಗ್ರಾಂ, ಸಕ್ಕರೆ 400 ಗ್ರಾಂ, ಕಪ್ಪು ಬೆಲ್ಲ 60 ಗ್ರಾಂ, ಬಣ್ಣಕ್ಕೆಂದು ಕೆಂಪಾಗಿಸಲು ಮತ್ತೆ 40 ಗ್ರಾಂ ಸಕ್ಕರೆ, ನಿಂಬೆರಸ 120 ಮಿ.ಲೀ., ಕಲ್ಲುಪ್ಪು 5 ಗ್ರಾಂ, ಕಪ್ಪು ಉಪ್ಪು 4 ಗ್ರಾಂ, ಹುದುಗಿನ ನೀರು 400 ಮಿ.ಲೀ.

ಜೀರಿಗೆಯನ್ನು ಎರಡು ಪಾಲು ಮಾಡಬೇಕು. 20 ಗ್ರಾಂ ಹುರಿಯಲಿಕ್ಕೆ, ಹತ್ತು ಗ್ರಾಂ ಹಸಿಯಾಗಿ. ಹುರಿದದ್ದು ಘಮ ಕೊಡುತ್ತದೆ, ಹಸಿಯದ್ದು ಅಂಗಡಿ ಸೋಡಾದ ಆ ಚುರುಕು ವಾಸನೆ ಕೊಡುತ್ತದೆ. ಹುರಿದದ್ದನ್ನು ಮಾತ್ರ ಹಾಕಿದರೆ ಸಾರಿನ ವಾಸನೆ. ಪರಿಮಳ ಬಂದು ಬಣ್ಣ ಒಂದು ಛಾಯೆ ಏರಿದ ಕೂಡಲೇ ತಟ್ಟೆಗೆ ಸುರಿಯಬೇಕು. ಒಲೆ ಆರಿಸಿದರೂ ಕಬ್ಬಿಣದ ಬಾಣಲೆ ಹುರಿಯುತ್ತಲೇ ಇರುತ್ತದೆ. ಮೊದಲನೆಯ ಸಲ ಅಲ್ಲೇ ಬಿಟ್ಟು ಕಹಿಯಾಗಿತ್ತು. ಆ ಸಲ ಇನ್ನೂ ಒಂದು ತಪ್ಪಾಗಿತ್ತು: ಜೀರಿಗೆಯನ್ನು ನುಣ್ಣಗೆ ಪುಡಿ ಮಾಡಿದ್ದು. ಬಟ್ಟೆಯಲ್ಲಿ ಸೋಸಿದರೂ ನುಣುಪು ಪುಡಿ ಉಳಿಯುತ್ತದೆ. ಪ್ರತಿಯೊಂದು ಕಣದ ಮೇಲೂ ಗ್ಯಾಸಿನ ಗುಳ್ಳೆ ಹುಟ್ಟುತ್ತದೆ. ಮುಚ್ಚಳ ತೆರೆದ ಮರುಕ್ಷಣ ಅರ್ಧ ಬಾಟಲಿ ನೊರೆಯಾಗಿ ನೆಲಕ್ಕೆ ಹೋಯಿತು. ಕುಟ್ಟಾಣಿಯಲ್ಲಿ ಕಾಳು ಎರಡು ಮೂರು ತುಂಡಾಗುವಷ್ಟು ಜಜ್ಜಿದರೆ ಸಾಕು.

ಎರಡು ಲೀಟರ್ ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಜೀರಿಗೆ, ಶುಂಠಿ, ಮೆಣಸು ಹಾಕಿ, ಮುಚ್ಚಿ 20 ನಿಮಿಷ ಬಿಡುವುದು. ಕುದಿಸುತ್ತಾ ಕೂತರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆ. ಆ ಘಮ ಬಾಟಲಿಗೆ ಸೇರಬೇಕಾದದ್ದು. ಎರಡು ಸಲ ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸಬೇಕು. ಬೆಲ್ಲವನ್ನು ಬೇರೆಯೇ ಕರಗಿಸಿ ಸೋಸಿ ಹಾಕುವುದು, ತಳದಲ್ಲಿ ಮರಳು ಇದ್ದೇ ಇರುತ್ತದೆ. ಬೆಲ್ಲ ಹೆಚ್ಚು ಹಾಕುವ ಆಸೆ ಬೇಡ. ಬೆಲ್ಲ ಕಾಸುವಾಗ ಸುಣ್ಣ ಹಾಕಿರುತ್ತಾರೆ, ಅದು ನಿಂಬೆಯ ಹುಳಿಯನ್ನು ಮಂಕಾಗಿಸುತ್ತದೆ.

ಇನ್ನು ಬಣ್ಣ. ದಪ್ಪ ತಳದ ಪಾತ್ರೆಯಲ್ಲಿ 40 ಗ್ರಾಂ ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಕರಗಿಸುತ್ತಾ ಬಂದರೆ ಹೊಂಬಣ್ಣ, ಆಮೇಲೆ ತಾಮ್ರದ ಬಣ್ಣ, ಆಮೇಲೆ ಕಾಫಿ ಡಿಕಾಕ್ಷನ್ನಿನ ಅಂಚಿನ ಕೆಂಪು. ಸಣ್ಣ ಗುಳ್ಳೆಗಳು ಎದ್ದು ನೀಲಿ ಹೊಗೆಯ ಮೊದಲ ಎಳೆ ಕಾಣುವಾಗ ನೂರು ಮಿ.ಲೀ. ಬಿಸಿ ನೀರನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು. ತಣ್ಣೀರು ಹಾಕಿದರೆ ಸಿಡಿದು ಕೈ ಸುಡುತ್ತದೆ. ಹೊಗೆ ದಟ್ಟವಾಗುವ ತನಕ ಕಾದರೆ ಬಣ್ಣ ಬಂದೀತು, ರುಚಿ ಮಾತ್ರ ಸುಟ್ಟ ಗಂಜಿಯದು. ಅಂಗಡಿಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಮ್ಮದನ್ನು ಅಂಥದ್ದೇ ಲೋಟದಲ್ಲಿ ಪಕ್ಕಕ್ಕಿಟ್ಟು ಚಮಚ ಚಮಚವಾಗಿ ಸೇರಿಸಿದೆವು. ಹುಳಿಗೆ ಪುನರ್ಪುಳಿ ಹಾಕಬಹುದಲ್ಲ ಎಂಬ ಮಾತು ಮನೆಯಲ್ಲಿ ಬಂದಿತ್ತು. ರುಚಿಗೆ ಅಡ್ಡಿಯಿಲ್ಲ, ಆದರೆ ಬಣ್ಣ ಕೆಂಪಾಗುತ್ತದೆ. ಆಗ ಅದು ಬೇರೆಯೇ ಪಾನೀಯ, ನಕಲಲ್ಲ.

ಕುದಿಸಿ ಆರಿಸಿದ ಉಳಿದ ನೀರನ್ನು ಸೇರಿಸಿ, ಪಾತ್ರೆಯ ಹೊರಮೈ ಮುಟ್ಟಿದರೆ ಬಿಸಿ ಅನ್ನಿಸದಷ್ಟು ತಣಿದ ಮೇಲೆಯೇ ನಿಂಬೆರಸ, ಉಪ್ಪುಗಳು, ಹುದುಗು. ಕಪ್ಪು ಉಪ್ಪಿನ ಆ ಗಂಧಕದ ವಾಸನೆ ಬಿಸಿಗೆ ಹಾರಿಹೋಗುತ್ತದೆ, ಹಾಗಾಗಿ ಅದು ಕೊನೆಗೆ. ಯೀಸ್ಟಂತೂ ಬಿಸಿ ಕಷಾಯಕ್ಕೆ ಬಿದ್ದರೆ ಸಾಯುತ್ತದೆ.

ಎರಡನೆಯ ಸಲ ಕೆಟ್ಟದ್ದು ಹುದುಗಿನ ಅಳತೆಯಿಂದ. ಬರೀ ಶುಂಠಿ ಸೋಡಾಕ್ಕೆ ಸಾಕಾಗುತ್ತಿದ್ದ 250 ಮಿ.ಲೀ. ಹಾಕಿದ್ದೆವು. ಒಂದು ದಿನ ಕಳೆದರೂ ಬಾಟಲಿ ಮೆತ್ತಗೇ ಇತ್ತು. ಗ್ಯಾಸ್ ತುಂಬುವಾಗ ಎರಡೂವರೆ ದಿನ ಆಗಿ, ಅಷ್ಟರೊಳಗೆ ಹುಳಿ ಏರಿತ್ತು. ಕಾರಣ ಜೀರಿಗೆಯೇ. ಅದರ ಎಣ್ಣೆಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ, ಯೀಸ್ಟೂ ಅದರಿಂದ ನಿಧಾನವಾಗುತ್ತದೆ. ಜೀರಿಗೆ ಕಡಿಮೆ ಮಾಡಿದರೆ ನಕಲು ನಕಲಾಗಿ ಉಳಿಯುವುದಿಲ್ಲ, ಹುದುಗನ್ನೇ ಹೆಚ್ಚಿಸಬೇಕು. 400 ಮಿ.ಲೀ. ಆದದ್ದು ಹಾಗೆ.

ಬಾಟಲಿಯ ವಿಷಯದಲ್ಲಿ ಹಟ ಹಿಡಿದೇ ಹೇಳಬೇಕು. ಗಾಜು ಬೇಡ. ಬಿಯರ್ ಮಾಡುವವರು ಗಾಜಿಗೆ ತುಂಬಿಸುತ್ತಾರಲ್ಲ ಎಂದರೆ, ಅವರ ಲೆಕ್ಕವೇ ಬೇರೆ. ಅವರ ಬಿಯರಿನಲ್ಲಿ ಯೀಸ್ಟ್ ತಿನ್ನಬಹುದಾದ ಸಕ್ಕರೆ ಅದಾಗಲೇ ಮುಗಿದಿರುತ್ತದೆ. ಬಾಟಲಿಗೆ ತುಂಬಿಸುವಾಗ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಅಳೆದು ಹಾಕುತ್ತಾರೆ. ಅದು ತೀರಿದ ಮೇಲೆ ಗ್ಯಾಸ್ ಏರುವುದಿಲ್ಲ. ನಮ್ಮ ಸೋಡಾದಲ್ಲಿ ಲೀಟರಿಗೆ ನೂರು ಗ್ರಾಂ ಸಕ್ಕರೆ ಇದೆ. ನಾಲ್ಕು ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಒಂದು ಲೀಟರ್ ಪಾನೀಯದಲ್ಲಿ ಹತ್ತಿರ ಹತ್ತಿರ ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ನಮಗೆ ಬೇಕಾದದ್ದು ಎರಡು ಲೀಟರಿನಷ್ಟು, ಅಂದರೆ ಎಂಟು ಗ್ರಾಂ. ಉಳಿದ 92 ಗ್ರಾಂ ಯೀಸ್ಟಿನ ಮುಂದೆ ಹಾಗೆಯೇ ಇರುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲ, ಚಳಿ ಕೊಟ್ಟು ನಾವು ನಿಲ್ಲಿಸಬೇಕು. ಮರೆತ ಗಾಜಿನ ಬಾಟಲಿ ಒಡೆದರೆ ಚೂರುಗಳು ಗೋಡೆಗೆ ನಾಟುತ್ತವೆ.

ಆ ಎಂಟು ಗ್ರಾಂ ಸಕ್ಕರೆಯಿಂದ ಗ್ಯಾಸಿನ ಜೊತೆಗೆ ಮದ್ಯಾಂಶವೂ ಅರ್ಧ ಶೇಕಡಾದ ಆಸುಪಾಸು ಹುಟ್ಟುತ್ತದೆ. ಹೊರಗೆ ಹೆಚ್ಚು ದಿನ ಇಟ್ಟರೆ ಅದೂ ಏರುತ್ತದೆ. ಪುಟ್ಟ ಮಕ್ಕಳಿಗೆ ನಾವು ಇದನ್ನು ಕೊಡುವುದಿಲ್ಲ.

ಸೋಡಾ, ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿಗಳೇ ಆಗಬೇಕು. ತಳದಲ್ಲಿ ಹೂವಿನ ಎಸಳಿನಂತೆ ಐದು ಕಾಲು ಇರುವಂಥವು. ನೀರಿನ ಬಾಟಲಿ ಒತ್ತಡ ತಡೆಯದು. ತೊಳೆಯಲು ಕುದಿನೀರು ಹಾಕಿದರೆ ಮುದುಡುತ್ತವೆ. ಎರಡು ಲೀಟರಿನ ಎರಡು, ಅರ್ಧ ಲೀಟರಿನ ಎರಡು ತುಂಬಿಸಿದೆವು. ಮೂರು ಬೆರಳಿನಷ್ಟು ಜಾಗ ಬಿಟ್ಟು, ಬಾಟಲಿಯ ಎರಡು ಬದಿಯನ್ನು ಒತ್ತಿ, ಒಳಗಿನ ಗಾಳಿಯೆಲ್ಲ ಹೋಗಿ ಪಾನೀಯ ಕುತ್ತಿಗೆಗೆ ಬಂದಾಗ ಮುಚ್ಚಳ ಬಿಗಿಯುವುದು. ಬಾಟಲಿ ಕುಗ್ಗಿ, ಹೊಟ್ಟೆಯಲ್ಲಿ ಗುಳಿ ಬಿದ್ದು ನಿಲ್ಲುತ್ತದೆ. ಗ್ಯಾಸ್ ಹುಟ್ಟುತ್ತಾ ಬಂದ ಹಾಗೆ ಆ ಗುಳಿ ತುಂಬುತ್ತದೆ. ಮೀಟರೂ ಬೇಡ, ಗೇಜೂ ಬೇಡ.

11ರ ಸಂಜೆ ಆರೂವರೆಗೆ ಮುಚ್ಚಳ ಹಾಕಿ, ಅಟ್ಟದ ಕೆಳಗೆ ಕತ್ತಲಿನ ಮೂಲೆಯಲ್ಲಿ ಬಕೆಟಿನೊಳಗೆ ಇಟ್ಟಿದ್ದು. ಮರುದಿನ ಬೆಳಿಗ್ಗೆ ಎಂಟಕ್ಕೆ ನೋಡುವಾಗ ಅರ್ಧ ಲೀಟರಿನ ಒಂದರಲ್ಲಿ ಗುಳಿಯ ಅಂಚು ಮಾತ್ರ ಉಳಿದಿತ್ತು. ಕೈಗೆತ್ತಿಕೊಂಡಾಗ ಟಕ್ ಎಂದು ಹೊರಕ್ಕೆ ಚಿಮ್ಮಿ ಮೈ ದುಂಡಗಾಯಿತು. ಅಲ್ಲಿಂದ ನಾಲ್ಕು ಗಂಟೆಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡುವುದು. ಪಕ್ಕದಲ್ಲಿ ತೆರೆಯದ ಅಂಗಡಿ ಸೋಡಾದ ಬಾಟಲಿ ಇಟ್ಟುಕೊಂಡು ಎರಡನ್ನೂ ಒತ್ತಿದರೆ ಬೆರಳಿಗೆ ಬೇಗ ಗೊತ್ತಾಗುತ್ತದೆ. ರಾತ್ರಿ ಎಂಟೂವರೆಗೆ, ಅಂದರೆ 26 ಗಂಟೆಯಲ್ಲಿ, ಬೆರಳು ತಗ್ಗದಷ್ಟು ಗಟ್ಟಿ. ನಾಲ್ಕೂ ಫ್ರಿಜ್ಜಿಗೆ.

ಬೆಳಗಾಗುವಾಗ ಬಾಟಲಿಗಳು ಮತ್ತೆ ಮೆತ್ತಗಾಗಿದ್ದವು. ಗ್ಯಾಸ್ ಸೋರಿತೆಂದು ಹೆದರಬೇಡಿ. ತಣ್ಣಗಿನ ನೀರು 30 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಗ್ಯಾಸನ್ನು ಹೀರಿಕೊಳ್ಳುತ್ತದೆ. ಹೊರಗೆ ಒತ್ತುತ್ತಿದ್ದದ್ದು ಈಗ ಒಳಗೆ ಕರಗಿದೆ. ಇದಕ್ಕೆ ಕಡಿಮೆಯೆಂದರೆ ಒಂದು ದಿನ ಬೇಕು. ಅವಸರದಲ್ಲಿ ತೆರೆದರೆ ಗ್ಯಾಸೆಲ್ಲ ಒಂದೇ ಉಸಿರಿಗೆ ಹೊರಟುಹೋಗಿ ಲೋಟದಲ್ಲಿ ಸಪ್ಪೆ ಪಾನಕ ಉಳಿಯುತ್ತದೆ.

13ರ ರಾತ್ರಿ ಒಂಬತ್ತಕ್ಕೆ ಗುಡುಗು, ಗಾಳಿ, ಅಡಿಕೆ ತೋಟದ ಕಡೆಯಿಂದ ಮರ ಮುರಿದ ಸದ್ದು, ಕರೆಂಟು ಹೋಯಿತು. ವಿಷು ಹೊತ್ತಿನ ಮಳೆ ಇಲ್ಲಿ ಹೊಸದಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಒಂದೂವರೆಗೆ ಟಾರ್ಚ್ ಹಿಡಿದು ತೆರೆದು ಒತ್ತಿ ನೋಡಿದಾಗ ಬಾಟಲಿಗಳು ಬಿಗಿಯಾಗುತ್ತಿದ್ದವು. ಸುರಂಗದ ನೀರಿನಲ್ಲಿ ಮುಳುಗಿಸಿಡೋಣವೆಂದರೆ ಅದು ಮೈಗೆ ತಂಪು ಹೊರತು ಯೀಸ್ಟನ್ನು ಮಲಗಿಸುವಷ್ಟು ತಣ್ಣಗಿಲ್ಲ. ಉಳಿದ ದಾರಿ ಗ್ಯಾಸ್ ಬಿಡುವುದು. ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ, ಸುಯ್ ಎಂದು ನೊರೆ ಕುತ್ತಿಗೆಗೆ ಏರುವಾಗ ಮತ್ತೆ ಬಿಗಿಯುವುದು. ಇಳಿದ ಮೇಲೆ ಇನ್ನೊಮ್ಮೆ. ಒಂದೊಂದಕ್ಕೆ ಮೂರು ಸಲ. ಹೀಗೆ ಮಾಡಿದಾಗ ಜೀರಿಗೆಯ ಪರಿಮಳ ಸ್ವಲ್ಪ ಹೋಗುತ್ತದೆ, ಅದು ನಷ್ಟವೇ. ದೊಡ್ಡ ಬಾಟಲಿ ಎರಡಕ್ಕೆ ಮಾತ್ರ ಮಾಡಿ, ಸಣ್ಣವನ್ನು ಮುಟ್ಟಲಿಲ್ಲ. ಬೆಳಗಿನ ಜಾವ ಐದಕ್ಕೆ ಕರೆಂಟು ಬಂತು.

14ರ ಮಧ್ಯಾಹ್ನ ಪಾಯಸದ ಮೇಲೆ ಮೊದಲು ತೆರೆದದ್ದು ಸಣ್ಣ ಬಾಟಲಿ. ಬಣ್ಣ ಅಸಲಿಗಿಂತ ಒಂದು ಗುಲಗಂಜಿ ಮಂಕು, ಯೀಸ್ಟ್ ಇರುವುದರಿಂದ ಅದು ಹಾಗೆಯೇ. ಗುಳ್ಳೆ ಅಂಗಡಿಯದ್ದಕ್ಕಿಂತ ಸಣ್ಣದು, ನಾಲಗೆಗೆ ಮೃದು. ದೊಡ್ಡ ಬಾಟಲಿಯದ್ದನ್ನು ಕುಡಿದ ನೆರೆಮನೆಯ ಹಿರಿಯರು, “ರುಚಿ ಅದೇ ಮಾರಾಯ್ರೇ, ಗ್ಯಾಸು ಒಂದು ಚೂರು ಸಾಲದು” ಅಂದರು. ಸಣ್ಣ ಬಾಟಲಿಯದ್ದು ಕೊಟ್ಟಾಗ ಆ ಮಾತು ಬರಲಿಲ್ಲ. ಮುಂದಿನ ಸಲಕ್ಕೆ ಬರೆದಿಟ್ಟ ಬದಲಾವಣೆ ಒಂದೇ: ಎಲ್ಲವೂ ಅರ್ಧ ಲೀಟರಿನ ಬಾಟಲಿ. ಬೇಗ ತಣಿಯುತ್ತವೆ, ಒಂದು ಕೆಟ್ಟರೆ ಉಳಿದವು ಉಳಿಯುತ್ತವೆ, ತೆರೆದ ಮೇಲೆ ಒಂದೇ ಸಲಕ್ಕೆ ಮುಗಿಯುತ್ತವೆ.

ಫ್ರಿಜ್ಜಿನಲ್ಲಿ ಹತ್ತು ದಿನ ಇಡಬಹುದು. ಆಮೇಲೆ ಹುಳಿ ಮುಂದಾಗುತ್ತದೆ. ಎರಡು ದಿನಕ್ಕೊಮ್ಮೆ ಬಾಟಲಿಗಳನ್ನು ಒತ್ತಿ ನೋಡುತ್ತಿರಬೇಕು, ಫ್ರಿಜ್ಜಿನಲ್ಲೂ ಯೀಸ್ಟ್ ಪೂರ್ತಿ ನಿದ್ದೆ ಮಾಡುವುದಿಲ್ಲ. ಬಗ್ಗಿಸುವಾಗ ಅಲುಗಾಡಿಸದೆ, ತಳದ ಒಂದು ಬೆರಳಿನಷ್ಟು ಬಿಳಿ ಗಸಿಯನ್ನು ಬಾಟಲಿಯಲ್ಲೇ ಬಿಡುವುದು. ಭರಣಿಯಲ್ಲಿ ಉಳಿದ ಶುಂಠಿಗೆ ಮತ್ತೆ ನೀರು, ಸಕ್ಕರೆ ಹಾಕಿ ಫ್ರಿಜ್ಜಿನ ಬಾಗಿಲಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ ಕೊಟ್ಟರೆ ಮುಂದಿನ ಸಲಕ್ಕೆ ಮೂರು ದಿನ ಕಾಯಬೇಕಾಗಿಲ್ಲ. ಹಿಂದಿನ ರಾತ್ರಿ ಹೊರಗಿಟ್ಟರೆ ಸಾಕು.